ಕೊನೆಯ ಸ್ಥಾನದ ಬಗ್ಗೆ ಬ್ರಾಕ್ಸ್‌ಬಿಯವರ ಮೇಲೆ ಗುಡ್ನಾಪುರದ ದೂರು

ಗುಡ್ನಾಪುರ, ತಾಲೂಕು ಸಿರಸಿ
ಶ್ರಾವಣದ ಎರಡನೆಯ ಸೋಮವಾರ, ೧೯೬೦

ಅಧ್ಯಕ್ಷರ ಸನ್ನಿಧಿಗೆ,
ಬ್ರಾಕ್ಸ್‌ಬಿ ರೋವರ್ಸ್ ಫುಟ್‌ಬಾಲ್ ಸಂಘ,
ಟ್ಯಾನರಿ ಲೇನ್, ಬ್ರಾಕ್ಸ್‌ಬಿ, ಇಂಗ್ಲೆಂಡ್

ಮಾನ್ಯರೇ,

ಬನವಾಸಿಯ ಮಧುಕೇಶ್ವರನ ದಯೆಯಿಂದ ಇತ್ತ ನಾವೆಲ್ಲ ಕುಶಲ. ತಾವೂ, ತಮ್ಮ ಆಡಳಿತ ಮಂಡಳಿಯ ಹಿರಿಯರೂ, ತಮ್ಮ ಮೈದಾನದ ಹುಲ್ಲು ಸವರುವವರೂ, ಕಳೆದ ಹಂಗಾಮಿನುದ್ದಕ್ಕೂ ಬಂದ ಚೆಂಡನ್ನೆಲ್ಲ ಹಬ್ಬಕ್ಕೆ ಬಂದ ನೆಂಟರಂತೆ ಒಳಗೆ ಬಿಟ್ಟುಕೊಂಡ ತಮ್ಮ ಉದಾರ ಮನಸ್ಸಿನ ಗೋಲ್‌ಕೀಪರ್ ಮಹಾಶಯರೂ ಆರೋಗ್ಯದಿಂದ ಇರುವಿರೆಂದು ಹಾರೈಸಿ, ತಮ್ಮ ಸಂಘದ ಎಪ್ಪತ್ತು ವರ್ಷಗಳ ಘನ ಚರಿತ್ರೆಗೆ ದೂರದಿಂದಲೇ ಕೈಮುಗಿದು, ಅತ್ಯಂತ ವಿನಯದಿಂದ ಒಂದು ದೂರನ್ನು ತಮ್ಮ ಮುಂದಿಡಲು ಈ ಕಾಗದ ಬರೆಯುತ್ತಿದ್ದೇನೆ. ವಿನಯ ಎಲ್ಲಿಯಾದರೂ ಜಾರಿದಂತೆ ಕಂಡರೆ ಅದು ನನ್ನ ಮಸಿಯ ದೋಷವೆಂದು ತಿಳಿದು ಮುಂದೆ ಓದಬೇಕು.

ಪತ್ರ ಕನ್ನಡದಲ್ಲಿದೆಯಲ್ಲ ಎಂದು ತಾವು ಹುಬ್ಬು ಗಂಟಿಕ್ಕಬಾರದು. ತಮ್ಮ ಊರಿನ ವಾರಪತ್ರಿಕೆ, ನಮಗೆ ಇಂಗ್ಲಿಷ್ ಬರುತ್ತದೆಯೋ ಇಲ್ಲವೋ ಎಂದು ಒಂದು ಮಾತು ಕೇಳದೆ, ವರ್ಷಗಟ್ಟಲೆಯಿಂದ ಹಡಗು ಹತ್ತಿ ನಮ್ಮೂರಿಗೆ ಬರುತ್ತಿದೆ. ನಾವು ಅದನ್ನು ನಿವೃತ್ತ ಮುಖ್ಯಾಧ್ಯಾಪಕರಾದ ಚನ್ನಯ್ಯ ಮಾಸ್ತರರಿಂದ ಓದಿಸಿ ಅರ್ಥ ಕೇಳಿಕೊಂಡಿದ್ದೇವೆ. ತಮ್ಮ ಊರಿನಲ್ಲಿಯೂ ಒಬ್ಬ ಚನ್ನಯ್ಯ ಮಾಸ್ತರರು ಎಲ್ಲಾದರೂ ಇದ್ದೇ ಇರುತ್ತಾರೆ, ಹುಡುಕಿಸಿಕೊಳ್ಳಿ. ಇದರ ಒಂದು ಪ್ರತಿಯನ್ನು ಸಿರಸಿಯ ಪತ್ರಿಕೆಗೂ ಕೊಟ್ಟಿದ್ದೇನೆ, ಏಕೆಂದರೆ ತಾವು ಮಾಡಿದ ಕೆಲಸ ಸಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನವರಿಗೆ ಗೊತ್ತಾಗಬೇಕಾದದ್ದು.

ನನ್ನ ಪರಿಚಯ ತಮಗಿಲ್ಲ. ನಾನು ಮಡಿವಾಳಪ್ಪ, ಬನವಾಸಿಯಲ್ಲಿ ಜವಳಿ ಅಂಗಡಿ, ಮನೆ ಗುಡ್ನಾಪುರದ ಕೆರೆಯ ಹತ್ತಿರ, ಮತ್ತು ಆ ಕೆರೆಯ ದಂಡೆಯಲ್ಲಿಯೇ ಜನ್ಮ ತಾಳಿದ ಗುಡ್ನಾಪುರ ರೋವರ್ಸ್ ತಂಡದ ಕಾರ್ಯದರ್ಶಿ. ಹೆಸರಿನ ಹೋಲಿಕೆ ಕಂಡು ತಾವು ಗಾಬರಿಯಾಗಬೇಡಿ, ಅದು ತಮ್ಮಿಂದಲೇ ಬಂದದ್ದು. ಬ್ರಿಟಿಷರ ಕಾಲದಲ್ಲಿ ಯಲ್ಲಾಪುರದಲ್ಲಿ ಹಾರ್ಕರ್ ಎಂಬ ಕಾಡಿನ ಸಾಹೇಬರಿದ್ದರು, ತಮ್ಮೂರಿನಲ್ಲಿ ಹುಟ್ಟಿದವರು. ನಮ್ಮ ಕೆರೆಗೆ ಬಾತುಕೋಳಿ ಹೊಡೆಯಲು ಬರುತ್ತಿದ್ದರು. ಗುರಿ ಅಷ್ಟಕ್ಕಷ್ಟೇ ಆದ್ದರಿಂದ ಬಾತುಕೋಳಿಗಳಿಗೂ ಅವರಿಗೂ ಒಳ್ಳೆಯ ಸ್ನೇಹವಿತ್ತು. ಹೊತ್ತು ಹೋಗದೆ ನಮ್ಮ ಹುಡುಗರಿಗೆ ಚೆಂಡು ಒದೆಯುವುದನ್ನು ಕಲಿಸಿದರು, ಸ್ವದೇಶಕ್ಕೆ ಹೊರಡುವಾಗ ತಮ್ಮ ಸಂಘದ ಹಳೆಯ ಅಂಗಿಗಳಿದ್ದ ಒಂದು ಟ್ರಂಕನ್ನೂ, ಸಂಘದ ಐವತ್ತು ವರ್ಷದ ಸ್ಮರಣ ಸಂಚಿಕೆಯನ್ನೂ ಬಿಟ್ಟು, ವಾರಪತ್ರಿಕೆ ಕಳಿಸುತ್ತಿರುವ ಏರ್ಪಾಟು ಮಾಡಿ ಹೋದರು. ಇಂಗ್ಲಿಷರು ಹೋಗುವಾಗ ಒಬ್ಬೊಬ್ಬರಿಗೆ ಒಂದೊಂದು ಬಿಟ್ಟುಹೋದರಂತೆ; ಕೆಲವರಿಗೆ ಬಂಗಲೆ, ಕೆಲವರಿಗೆ ಕಾಯಿದೆ, ನಮ್ಮ ಪಾಲಿಗೆ ತಾವು.

ಅಂಗಿಗಳ ವಿಷಯವನ್ನು ಜವಳಿಯವನಾಗಿ ಒಂದು ಮಾತಿನಲ್ಲಿ ಮುಗಿಸುತ್ತೇನೆ. ಅರಿಶಿನದ ಮೇಲೆ ಕಂದು ಪಟ್ಟೆ, ನೂಲು ಗಟ್ಟಿ, ಹೊಲಿಗೆ ಗಟ್ಟಿ, ಬಣ್ಣ ಮಾತ್ರ ತಮ್ಮ ರಕ್ಷಣಾ ವಿಭಾಗದಷ್ಟೇ ಗಟ್ಟಿ. ಮೊದಲನೆಯ ಒಗೆತಕ್ಕೇ ಕಂದು ಅರಿಶಿನದೊಳಗೆ ಇಳಿದು ಹನ್ನೊಂದೂ ಅಂಗಿ ಬೆಲ್ಲದ ಬಣ್ಣಕ್ಕೆ ತಿರುಗಿದವು. ಕೆರೆಯಲ್ಲಿ ಅದೇ ಹೊತ್ತಿಗೆ ಒಗೆಯುತ್ತಿದ್ದ ನನ್ನ ಮನೆಯವರಾದ ಕಲ್ಲವ್ವನವರ ಬಿಳಿ ಸೆರಗೂ ಅದೇ ಬಣ್ಣಕ್ಕೆ ಬಂದು, ಆ ದಿನದಿಂದ ಅವರೂ ನಮ್ಮ ತಂಡದವರೇ ಆದರು. ಬ್ರಾಕ್ಸ್‌ಬಿ ಎಂಬ ಹೆಸರು ನಮ್ಮೂರ ಹೆಂಗಸರ ಬಾಯಲ್ಲಿ ನಿಲ್ಲದೆ ‘ಬರಕತ್ ಸಾಬಿ’ ಎಂದಾಗಿದೆ. ಪ್ರತಿ ವಾರವೂ ಸಂತೆಗೆ ಹೋಗಿ ಪ್ರತಿ ವಾರವೂ ಕೈ ಸುಟ್ಟುಕೊಂಡು ಬರುವ ಒಬ್ಬ ಸಾಧು ಮನುಷ್ಯರು ತಾವೆಂದು ಬಹಳ ಮಂದಿ ಇಂದಿಗೂ ನಂಬಿದ್ದಾರೆ. ತಿದ್ದಲು ನಾನೂ ಹೋಗಿಲ್ಲ, ಅದರಲ್ಲಿ ತಿದ್ದುವಂಥದ್ದು ಏನಿದೆ ಎಂಬುದೂ ನನಗೆ ಹೊಳೆಯಲಿಲ್ಲ.

ತಮ್ಮ ಚರಿತ್ರೆ ನಮಗೆ ಬಾಯಿಪಾಠ. ಸಂಜೆ ನನ್ನ ಅಂಗಡಿಯ ಜಗಲಿಯಲ್ಲಿ ಚನ್ನಯ್ಯ ಮಾಸ್ತರರು ಸ್ಮರಣ ಸಂಚಿಕೆಯನ್ನು ಪುರಾಣ ಹೇಳಿದಂತೆ ಹೇಳುತ್ತಾ ಬಂದದ್ದರಿಂದ, ಈ ಊರಿನಲ್ಲಿ ಕದಂಬರು ಯಾರಾದ ಮೇಲೆ ಯಾರು ಬಂದರು ಎಂದು ತಪ್ಪಿಲ್ಲದೆ ಹೇಳುವವರು ಇಲ್ಲದಿದ್ದರೂ ಟ್ಯಾನರಿ ಲೇನಿನಲ್ಲಿ ಯಾರಾದ ಮೇಲೆ ಯಾರು ಕ್ಯಾಪ್ಟನ್ ಆದರು ಎಂದು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಚರ್ಚಿನಲ್ಲಿ ಹಾಡುವವರೂ ಹಗ್ಗದ ಕಾರ್ಖಾನೆಯಲ್ಲಿ ಹೊಸೆಯುವವರೂ ಸೇರಿ ಸಂಘ ಕಟ್ಟಿದ್ದು, ಮೊದಲನೆಯ ಪಂದ್ಯದಲ್ಲಿಯೇ ಹಾಡುವವರು ಒಂದು ಕಡೆಗೆ ಹೊಸೆಯುವವರು ಇನ್ನೊಂದು ಕಡೆಗೆ ಗೋಲು ಹೊಡೆಯಲು ಹೊರಟದ್ದು, ಎಲ್ಲವೂ ಗೊತ್ತು. ಮೈದಾನದ ಪಕ್ಕದಲ್ಲಿ ತೊಗಲು ಹದ ಮಾಡುವ ಕಾರ್ಖಾನೆಯಿದ್ದು, ಆ ವಾಸನೆಗೆ ಬಂದ ತಂಡದವರೆಲ್ಲ ಒಂದು ಕೈಯನ್ನು ಮೂಗಿಗೆ ಹಿಡಿದು ಓಡುತ್ತಿದ್ದರೆ ತಾವು ಎರಡೂ ಕೈ ಬೀಸಿ ಓಡುತ್ತಾ ಹದಿನೈದು ವರ್ಷ ತಮ್ಮ ನೆಲದಲ್ಲಿ ಹುಲಿಗಳಂತೆ ಮೆರೆದಿರಿ. ಆಮೇಲೆ ಕಾರ್ಖಾನೆ ಮುಚ್ಚಿತು, ಗಾಳಿ ಶುದ್ಧವಾಯಿತು, ತಾವು ಸೋಲಲು ಆರಂಭಿಸಿದಿರಿ. ಶುದ್ಧ ಗಾಳಿಯಿಂದ ಇಷ್ಟು ದೊಡ್ಡ ಹಾನಿಯಾದ ಸಂಸ್ಥೆ ಪ್ರಪಂಚದಲ್ಲಿ ಬೇರೆ ಇರಲಾರದು.

ತಮ್ಮ ‘ಯಾರೂ ನೋಡದ ಗೋಲ’ನ್ನಂತೂ ನಾವು ಕಣ್ಣಾರೆ ಕಂಡವರಂತೆ ಮಾತಾಡುತ್ತೇವೆ. ದೊಡ್ಡ ಕಪ್ಪಿನ ಪಂದ್ಯ, ಎದುರಿಗೆ ಮೊದಲ ದರ್ಜೆಯ ತಂಡ, ನಡುಮಧ್ಯಾಹ್ನ ಕವಿದ ಮಂಜಿನಲ್ಲಿ ಪಕ್ಕದವನ ಮುಖ ಕಾಣದಂತಾಗಿ, ರೆಫರಿ ಯಾವುದೋ ಸದ್ದು ಕೇಳಿ ಸೀಟಿ ಊದಿ, ಹೋಗಿ ತಡವಿ ನೋಡಿದರೆ ಚೆಂಡು ಬಲೆಯೊಳಗೆ ಬೆಚ್ಚಗೆ ಕುಳಿತಿತ್ತು. ಹೊಡೆದವರು ಯಾರು ಎಂಬ ಪ್ರಶ್ನೆಗೆ ತಮ್ಮ ತಂಡದ ಹನ್ನೊಂದೂ ಜನ ತಾನೇ ಎಂದರು. ಗೋಲ್‌ಕೀಪರ್ ಪಿಮ್ ಅವರೂ ತಾನೇ ಎಂದದ್ದು ನಮಗೆ ಬಹಳ ಮೆಚ್ಚುಗೆಯಾಗಿ, ನಮ್ಮೂರಿನ ಒಂದು ಎತ್ತಿಗೆ ಪಿಮ್ಮಣ್ಣ ಎಂದು ಹೆಸರಿಟ್ಟಿದ್ದೇವೆ. ಅದೂ ದೊಡ್ಡ ಮೈಯದು, ಅದೂ ಇದ್ದ ಜಾಗ ಬಿಟ್ಟು ಕದಲುವುದಿಲ್ಲ.

ಅಲ್ಲಿಂದ ಮುಂದೆ ತಮ್ಮ ಚರಿತ್ರೆ ಒಂದೇ ಸಮನೆ ಇಳಿಜಾರು. ಗಾಳಿಗೆ ಪ್ರೇಕ್ಷಕರ ಚಪ್ಪರದ ತಗಡು ಹಾರಿ ಪಕ್ಕದವರ ಎಲೆಕೋಸಿನ ತೋಟದಲ್ಲಿ ಬಿತ್ತು. ಮಹಾಯುದ್ಧದಲ್ಲಿ ಮೈದಾನಕ್ಕೆ ಆಲೂಗಡ್ಡೆ ಹಾಕಿದಿರಿ, ಆ ನೆಲದಿಂದ ತಮ್ಮ ಕೈಗೆ ಏನಾದರೂ ಬಂದದ್ದು ಆ ವರ್ಷಗಳಲ್ಲೇ. ಸುಯೆಜ್ ಕಾಲುವೆ ಮುಚ್ಚಿದ ವರ್ಷ ಪತ್ರಿಕೆ ಆಫ್ರಿಕ ಖಂಡವನ್ನೆಲ್ಲ ಸುತ್ತಿಕೊಂಡು ಬರಬೇಕಾಗಿ, ಆ ವರ್ಷದ ತಮ್ಮ ಸೋಲುಗಳನ್ನು ನಾವು ತೀರ ತಡವಾಗಿ ಅನುಭವಿಸಿದೆವು. ಅಷ್ಟು ದೂರ ಸುತ್ತಿದರೂ ಒಂದಾದರೂ ಗೆಲುವಾಗಿ ಬದಲಾಗಿರಲಿಲ್ಲ. ಆ ಹೊತ್ತಿನಲ್ಲೇ ಇಲ್ಲಿ ರಾಜ್ಯಗಳನ್ನು ಹೊಸದಾಗಿ ಹಂಚಿ ನಮ್ಮ ಜಿಲ್ಲೆಯನ್ನು ಮುಂಬಯಿಯಿಂದ ಬಿಡಿಸಿ ಮೈಸೂರಿಗೆ ಸೇರಿಸಿದರು, ನಾವು ಕುಳಿತ ಮಣೆಯಿಂದ ಏಳದೆಯೇ ರಾಜ್ಯ ಬದಲಾಯಿಸಿದೆವು. ಎರಡೇ ವರ್ಷದಲ್ಲಿ ತಮ್ಮನ್ನೂ ಉತ್ತರದ ಮೂರನೇ ದರ್ಜೆಯಿಂದ ಬಿಡಿಸಿ ಹೊಸದಾದ ನಾಲ್ಕನೇ ದರ್ಜೆಗೆ ಸೇರಿಸಿದರೆಂದು ಓದಿ ನಮಗೆ ಮೈ ಜುಮ್ಮೆಂದಿತು. ನಮ್ಮದು ಬಯಸಿ ಬಂದ ಬದಲಾವಣೆ, ತಮ್ಮದು ಪಾಲಿಗೆ ಬಂದದ್ದು, ಅಷ್ಟೇ ವ್ಯತ್ಯಾಸ.

ಈಗ ದೂರಿನ ಬುಡಕ್ಕೆ ಬರುತ್ತೇನೆ. ಎಷ್ಟೋ ವರ್ಷ ಹಂಗಾಮು ಮುಗಿಯುವ ಹೊತ್ತಿಗೆ ತಾವು ಪಟ್ಟಿಯ ತಳದಲ್ಲಿರುತ್ತಿದ್ದಿರಿ, ಮತ್ತು ಮರುವಾರವೋ ಅದರ ಮರುವಾರವೋ ಚನ್ನಯ್ಯ ಮಾಸ್ತರರು ಕನ್ನಡಕ ಏರಿಸಿ ಗಂಭೀರವಾಗಿ, “ರೋವರ್ಸಿನವರು ಮತ್ತೊಮ್ಮೆ ಆರಿಸಿ ಬಂದರು” ಎಂದು ಓದುತ್ತಿದ್ದರು. ತಳದಲ್ಲಿ ಉಳಿದ ಸಂಘಗಳು ಲೀಗಿನಲ್ಲಿ ಇರಬೇಕೇ ಬೇಡವೇ ಎಂದು ಲಂಡನ್ನಿನ ಒಂದು ಕೋಣೆಯೊಳಗೆ ದೊಡ್ಡ ಸಂಘಗಳ ಯಜಮಾನರು ಮತ ಹಾಕುತ್ತಾರೆಂಬ ಸಂಗತಿಯನ್ನು ಪತ್ರಿಕೆ ಎಂದೂ ಬಿಡಿಸಿ ಬರೆಯಲಿಲ್ಲ, ಗೊತ್ತಿದ್ದವರಿಗೆ ಬರೆಯುವ ಪತ್ರಿಕೆ ಅದು. ‘ಆರಿಸಿ ಬಂದರು’ ಎಂದರೆ ನಮ್ಮ ಕಡೆ ಅರ್ಥ ಒಂದೇ: ಜನ ಓಟು ಹಾಕಿದರು, ಪೆಟ್ಟಿಗೆ ಒಡೆದರು, ಹಾರ ಹಾಕಿ ಮೆರವಣಿಗೆ ಮಾಡಿದರು. ಸಾರ್ವತ್ರಿಕ ಚುನಾವಣೆಯ ಗದ್ದಲ ಕಿವಿಯಲ್ಲಿ ಇನ್ನೂ ಇದ್ದ ದಿನಗಳವು. ಹೀಗಾಗಿ ಇಂಗ್ಲೆಂಡಿನಲ್ಲಿ ಆಟದಲ್ಲಿ ಸೋತವರು ಜನರ ಎದುರಿಗೆ ಹೋಗಿ ಕೈಮುಗಿಯುತ್ತಾರೆಂದೂ, ಬ್ರಾಕ್ಸ್‌ಬಿಯ ಮಹಾಜನರು ಗಂಡಸರು ಹೆಂಗಸರೆನ್ನದೆ ಸಾಲುಗಟ್ಟಿ ನಿಂತು ತಮ್ಮ ರೋವರ್ಸನ್ನು ಉಳಿಸಿಕೊಳ್ಳುತ್ತಾರೆಂದೂ ನಾವು ತಿಳಿದೆವು. ತಾವು ಆರಿಸಿ ಬಂದಾಗಲೆಲ್ಲ ನನ್ನ ಅಂಗಡಿಯಲ್ಲಿ ಸಕ್ಕರೆ ಹಂಚಿದ್ದೇವೆ. ಗೆದ್ದವರಿಗೆ ಇರುವ ಮರ್ಯಾದೆ ನಮಗೆ ಗೊತ್ತಿತ್ತು, ಸೋತವರಿಗೂ ಇಷ್ಟು ಮರ್ಯಾದೆಯಿರುವ ದೇಶ ಇದೆಯಲ್ಲ ಎಂದು ಹಿಗ್ಗಿದವರು ನಾವು.

ಹಿಗ್ಗಲು ಕಾರಣವಿತ್ತು. ಪ್ರತಿ ಬೇಸಿಗೆ ಸಿರಸಿಯಲ್ಲಿ ಮೂರು ತಾಲೂಕು ಶೀಲ್ಡ್ ಎಂಬ ಪಂದ್ಯಾವಳಿ ನಡೆಯುತ್ತದೆ. ಸಿರಸಿ, ಸಿದ್ದಾಪುರ, ಯಲ್ಲಾಪುರದ ಪೇಟೆಯ ತಂಡಗಳು ಮೂರು, ಹಳ್ಳಿಯದೆಂದು ನಾವೊಬ್ಬರು. ಸ್ಥಾನಗಳ ಪೈಕಿ ಕೊನೆಯದು ನಮ್ಮದೆಂದು ಮೊದಲೇ ತೀರ್ಮಾನವಾಗಿರುವುದರಿಂದ ಜಗಳವಿಲ್ಲದೆ ಆಟ ನಡೆಯುತ್ತದೆ. ನಮ್ಮ ಮೈದಾನವೆಂದರೆ ಕೆರೆಯ ನೀರು ಇಳಿದ ಮೇಲೆ ತೋರುವ ಅಂಗಳ, ಮಳೆಗಾಲದಲ್ಲಿ ಅದರ ಮೇಲೆ ಮೀನು ಓಡಾಡುತ್ತದೆ. ಅಭ್ಯಾಸಕ್ಕೆ ಇರುವುದೇ ನಾಲ್ಕು ತಿಂಗಳು, ಅದರಲ್ಲಿಯೂ ಶಿವಲಿಂಗಪ್ಪ ಗೌಡರು ಹೊಡೆದ ಚೆಂಡನ್ನು ನೀರಿನಿಂದ ಎತ್ತಿ ತರಲು ಅರ್ಧ ಹೊತ್ತು ಹೋಗುತ್ತದೆ.

ಈ ಶಿವಲಿಂಗಪ್ಪ ಗೌಡರು ನಮ್ಮ ಮುಂದಾಳು, ಊರಿನ ಅರ್ಧ ಗದ್ದೆಯ ಒಡೆಯರು. ಗೋಲು ಕಾಯುವವನು ಕೆರಿಯ, ಅವರದೇ ಗದ್ದೆಯನ್ನು ಗೇಣಿಗೆ ಮಾಡುವವನು. ಗೌಡರ ಮನೆ ಅಂಗಳದಲ್ಲಿ ಕೆರಿಯ ಮಾತಾಡುವುದು ಅಷ್ಟಕ್ಕಷ್ಟೇ, ಆಡಿದರೂ ಹೆಗಲ ವಸ್ತ್ರ ಕೈಗೆ ತೆಗೆದುಕೊಂಡು ‘ಬರ್ರಿ’, ‘ಹೌದ್ರಿ’. ಆದರೆ ತಮ್ಮ ಆ ಬೆಲ್ಲದ ಬಣ್ಣದ ಅಂಗಿ ಇಬ್ಬರ ಮೈಮೇಲೂ ಬಿತ್ತೆಂದರೆ ಅದೇ ಕೆರಿಯ ಬಿದಿರಿನ ಗೋಲುಗಂಬದ ನಡುವೆ ನಿಂತು ಕೆರೆಯ ಆಚೆ ದಡಕ್ಕೂ ಕೇಳುವಂತೆ, “ಏ ಶಿವಲಿಂಗ, ಹಿಂದಕ್ಕೆ ಬಾರೋ, ಅಲ್ಲೆಂತ ನಿಂತ್ಕಂಡು ನೀರು ನೋಡ್ತೀಯ” ಎನ್ನುತ್ತಾನೆ, ಗೌಡರು ತಲೆ ತಗ್ಗಿಸಿ ಓಡಿ ಬರುತ್ತಾರೆ. ಮೊದಲ ಸಲ ಇದನ್ನು ಕೇಳಿದ ದಿನ ದಂಡೆಯ ಮೇಲಿದ್ದವರೆಲ್ಲ ಗೌಡರ ಮುಖ ನೋಡಿದ್ದರು. ಹಾರ್ಕರ್ ಸಾಹೇಬರು ಹಾಕಿದ ಕಟ್ಟಳೆ ಅದು: ಅಂಗಿ ಹಾಕಿದ ಮೇಲೆ ಹನ್ನೊಂದು ಜನಕ್ಕೂ ಏಕವಚನ, ‘ರೀ’ ಎನ್ನುವಷ್ಟರಲ್ಲಿ ಚೆಂಡು ಒಳಗೆ ಹೋಗಿರುತ್ತದೆ. ಕೆರಿಯ ಬಿಟ್ಟ ಗೋಲುಗಳಿಗೆ ಲೆಕ್ಕವಿಲ್ಲ, ಆದರೂ ಅವನನ್ನು ತೆಗೆಯೋಣವೆಂದು ಯಾರೂ ಎಂದಿಲ್ಲ, ಗೌಡರಂತೂ ಎಂದೇ ಇಲ್ಲ.

ಇದೇ ವರ್ಷದ ಬೇಸಿಗೆಯಲ್ಲಿ ಶೀಲ್ಡ್ ಸಮಿತಿಯವರಿಂದ ನನಗೆ ಕರೆ ಬಂತು. ಮುಂಡಗೋಡಿನ ಕಡೆಯ ಒಂದು ಹೊಸ ತಂಡ, ಹನ್ನೊಂದು ಜನಕ್ಕೂ ಬೂಟು ಇದೆ, ಸೇರಿಸಿಕೊಳ್ಳಬೇಕೆಂದಿದ್ದೇವೆ, ಆದ್ದರಿಂದ ಕೊನೆಗೆ ಬಂದ ಗುಡ್ನಾಪುರದವರು ಮುಂದಿನ ವರ್ಷದಿಂದ ದಯವಿಟ್ಟು ನೋಡಲು ಬರಬೇಕು, ಕುರ್ಚಿ ಹಾಕಿಸುತ್ತೇವೆ, ಎಂದರು. ನಾನು ಊರಿಗೆ ಬಂದು ಹೇಳಿದೆ. ಕೆರಿಯ ಅಂಗಿಯನ್ನು ಮಡಚಿ ಟ್ರಂಕಿನ ಮೇಲಿಟ್ಟು, “ಹಂಗಾರೆ ಇನ್ನು ಕೆರೆದಂಡೇಲೂ ಗೌಡ್ರಿಗೆ ಬರ್ರಿ ಅನ್ಬೇಕಲ್ರಾ” ಎಂದ. ಮಾನ್ಯರೇ, ನನಗೆ ಆ ರಾತ್ರಿ ಊಟ ಸೇರಲಿಲ್ಲ. ಶೀಲ್ಡ್ ಹೋದರೆ ಹೋಗಲಿ, ಅದು ನಮ್ಮ ಹತ್ತಿರ ಯಾವಾಗ ಇತ್ತು. ಆಡಲಿಕ್ಕೆ ಪಂದ್ಯವಿಲ್ಲದ ಮೇಲೆ ಗದ್ದೆ ಕೆಲಸ ಬಿಟ್ಟು ಕೆರೆಯಂಗಳಕ್ಕೆ ಯಾರು ಬರುತ್ತಾರೆ, ಆ ಅಂಗಿಯನ್ನು ಯಾರು ಹಾಕುತ್ತಾರೆ, ಆ ‘ಬಾರೋ’ ನಮ್ಮೂರಿನಲ್ಲಿ ಮತ್ತೆ ಎಲ್ಲಿ ಕೇಳುತ್ತದೆ ಎಂಬುದೇ ನನ್ನ ಸಂಕಟವಾಗಿತ್ತು.

ಆಗ ದಾರಿ ತೋರಿಸಿದ್ದು ತಾವೇ. ಸೋತವರು ಚುನಾವಣೆಗೆ ನಿಲ್ಲಬಹುದು, ಬ್ರಾಕ್ಸ್‌ಬಿಯವರು ನಿಂತು ನಿಂತು ಆರಿಸಿ ಬರುತ್ತಿದ್ದಾರೆ, ಎಂದು ಮಾಸ್ತರರು ಮೊದಲು ನೆನಪಿಸಿದರು. ಕಲ್ಲವ್ವನವರು ಒಳಗಿನಿಂದಲೇ, “ಅಲ್ರೀ, ಗೆದ್ದೋರಿಗೆ ಓಟ್ ಹಾಕಿ ಏನ್ ಮಾಡೂದೈತಿ, ಅವ್ರು ಹೆಂಗೂ ಗೆದ್ದಾರ. ಸೋತೋರಿಗೇ ಓಟ್ ಬೇಕಾಗಿರೂದು” ಎಂದರು. ಮರುದಿನವೇ ತಮ್ಮ ಪತ್ರಿಕೆಯ ತುಣುಕುಗಳನ್ನು ರಟ್ಟಿಗೆ ಅಂಟಿಸಿಕೊಂಡು ಸಿರಸಿಗೆ ಹೋಗಿ, ಇಂಗ್ಲೆಂಡಿನ ಕ್ರಮದ ಪ್ರಕಾರ ಚುನಾವಣೆಯಾಗಲೇಬೇಕೆಂದು ಪಟ್ಟು ಹಿಡಿದೆ. ಸಮಿತಿಯ ಅಧ್ಯಕ್ಷರು ಹೇರೂರಿನ ರಘುಪತಿ ಹೆಗಡೆಯವರು. ಅವರು ತುಣುಕುಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಪಕ್ಕದಲ್ಲಿದ್ದ ತಮ್ಮವರ ಹತ್ತಿರ, “ಎಂತ ಮಾರಾಯ ಇದು, ಸೋತವಕ್ಕೆ ಚುನಾವಣೆ ಹೇಳದ್ನ ಆನು ಎಲ್ಲೂ ನೋಡಿದ್ನಿಲ್ಲೆ” ಎಂದು ಗೊಣಗಿ, ಅಚ್ಚಾದದ್ದನ್ನು ಅಲ್ಲವೆನ್ನಲಾಗದೆ ಮೇ ತಿಂಗಳ ಕೊನೆಯ ಭಾನುವಾರವನ್ನು ಗೊತ್ತು ಮಾಡಿದರು.

ಆ ಭಾನುವಾರ ನಮ್ಮೂರಿನಲ್ಲಿ ಒಲೆ ಹೊತ್ತಿದ ಮನೆ ಕಡಿಮೆ. ಗಾಡಿ ಕಟ್ಟಿಕೊಂಡು ಕೆಲವರು, ಬನವಾಸಿಯ ಬಸ್ಸು ಹಿಡಿದು ಕೆಲವರು, ರೊಟ್ಟಿ ಬುತ್ತಿ ಕಟ್ಟಿಕೊಂಡು ಕಲ್ಲವ್ವನವರೂ ಕೆರಿಯನ ತಾಯಿ ದ್ಯಾವಮ್ಮನೂ ಮುಂದಾಗಿ, ಊರಿಗೆ ಊರೇ ಓಟು ಹಾಕಲು ಸಿರಸಿಯಲ್ಲಿ ಬಂದಿಳಿಯಿತು. ಒಂದು ಗಾಡಿ ಎಳೆದದ್ದು ಪಿಮ್ಮಣ್ಣ, ಅದು ಆ ದಿನ ಕದಲಿತೆಂಬುದನ್ನು ತಾವು ತಮ್ಮ ದಾಖಲೆಗೆ ಸೇರಿಸಿಕೊಳ್ಳಬಹುದು. ಚುನಾವಣೆಯೆಂದ ಮೇಲೆ ಗುರುತು ಬೇಕಲ್ಲವೇ, ಬೆಲ್ಲದ ಬಣ್ಣದ ಅಂಗಿಯೊಂದನ್ನು ಬಿದಿರಿಗೆ ಸಿಕ್ಕಿಸಿ ಎತ್ತಿ ಹಿಡಿದಿದ್ದೆವು. ಈ ದಂಡನ್ನು ಕಂಡು ಹೆಗಡೆಯವರು ಎದ್ದು ನಿಂತರು. ಓಟು ಇರುವುದು ಊರಿನವರಿಗಲ್ಲ, ಉಳಿದ ಮೂರು ತಂಡಗಳ ಕ್ಯಾಪ್ಟನ್ನರಿಗೆ ಮಾತ್ರ, ಎಂದು ಅವರು ತಿಳಿಸಿ ಹೇಳಿದರು. ವರ್ಷವಿಡೀ ನಮ್ಮನ್ನು ಬಡಿಯುವ ಮೂವರ ಕೈಯಲ್ಲಿಯೇ ನಮ್ಮ ಜುಟ್ಟು ಸಿಕ್ಕಿತ್ತು.

ಮೊದಲು ಕೈ ಎತ್ತಬೇಕಾದವರು ಯಲ್ಲಾಪುರದ ಕ್ಯಾಪ್ಟನ್ ನಾಗಪ್ಪ. ಅವರದು ಪ್ರತಿ ವರ್ಷವೂ ಕೊನೆಯಿಂದ ಎರಡನೇ ಸ್ಥಾನ. ಅವರು ಬೂಟಿನ ತಂಡವನ್ನೊಮ್ಮೆ, ಬರಿಗಾಲಿನ ನಮ್ಮನ್ನೊಮ್ಮೆ ನೋಡಿ, ಬಹಳ ಹೊತ್ತು ತಲೆ ಕೆರೆದುಕೊಂಡು, “ಅಲ್ಲಾ ಹೆಗಡೇರೆ, ಇವ್ರನ್ನ ತೆಗೆದ್ರೆ ಬರೋ ವರ್ಷ ಕಡೇಗೆ ಬರೋರು ಯಾರು? ನಾವೇ ಅಲ್ವಾ” ಎಂದು, ಎರಡೂ ಕೈ ನಮ್ಮ ಪರವಾಗಿ ಎತ್ತಿದರು. ಸಿದ್ದಾಪುರದವರಿಗೂ ಆ ಮಾತಿನ ಆಳ ಹೊಳೆದು ಅವರೂ ಎತ್ತಿದರು. ನಮ್ಮ ಮೇಲಿನ ಗೆಲುವನ್ನು ಹಂಗಾಮಿಗೆ ಮುಂಚೆಯೇ ಬರೆದಿಟ್ಟುಕೊಳ್ಳುವ ಅಭ್ಯಾಸವಿದ್ದ ಸಿರಸಿಯವರಿಗೂ ಬೂಟಿನವರು ಬೇಡವೆನಿಸಿತು. ಹೀಗೆ ಸರ್ವಾನುಮತದಿಂದ ಗುಡ್ನಾಪುರ ಆರಿಸಿ ಬಂತು. ಕೆರಿಯ ಅಲ್ಲಿಯೇ ಅಂಗಿ ತೊಟ್ಟು, ಸಿರಸಿಯ ಪೇಟೆಯವರೆಲ್ಲ ಕೇಳುವಂತೆ, “ಬಾರೋ ಶಿವಲಿಂಗ, ಗಾಡಿ ಹತ್ತು” ಎಂದ. ಗೌಡರು ನಗುತ್ತಾ ಹತ್ತಿದರು. ದಾರಿಯುದ್ದಕ್ಕೂ ನಮ್ಮ ಹೆಂಗಸರು ಬರಕತ್ ಸಾಬಿಯವರ ಹೊಟ್ಟೆ ತಣ್ಣಗಿರಲಿ ಎಂದು ತಮ್ಮನ್ನು ಹರಸಿದ್ದಾರೆ. ಅದು ತಮಗೆ ತಲುಪಿದೆಯೋ ಇಲ್ಲವೋ ತಿಳಿಯದು.

ತಲುಪಿರಲಾರದು ಎಂದು ಕಳೆದ ವಾರ ಗೊತ್ತಾಯಿತು. ಹಡಗಿನ ಪತ್ರಿಕೆ ಬಂತು, ಮಾಸ್ತರರು ಎಂದಿನಂತೆ ಕನ್ನಡಕ ಏರಿಸಿದರು, ಓದಿದರು, ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಅದೇ ಮೇ ತಿಂಗಳ ಕೊನೆಯ ವಾರ, ನಾವು ತಮ್ಮ ಹೆಸರು ಹೇಳಿ ಬದುಕಿಕೊಂಡ ಅದೇ ವಾರ, ಲಂಡನ್ನಿನ ಸಭೆಯಲ್ಲಿ ತಮಗೆ ಓಟು ಸಾಲದೆ, ರಾತ್ರಿಯನ್ನು ಹಗಲು ಮಾಡುವ ದೀಪದ ಕಂಬಗಳಿರುವ ಒಂದು ಹೊಸ ಸಂಘವನ್ನು ತಮ್ಮ ಜಾಗಕ್ಕೆ ಕರೆದುಕೊಂಡು ತಮ್ಮನ್ನು ಲೀಗಿನಿಂದ ಹೊರಗೆ ಹಾಕಿದರು. ಆ ಸುದ್ದಿಯಲ್ಲಿಯೇ, ಬಹುಶಃ ಮೊಟ್ಟಮೊದಲ ಬಾರಿಗೆ, ಓಟು ಹಾಕುವವರು ಯಾರು ಎಂಬುದನ್ನೂ ಬಿಡಿಸಿ ಬರೆದಿದ್ದರು. ನಮ್ಮಲ್ಲಿ ಸೂತಕದ ಪದ್ಧತಿಯಿಲ್ಲ, ಆದರೂ ಅಂಗಡಿಯ ಬಾಗಿಲು ಅರ್ಧ ದಿನ ಹಾಕಿದೆ. ಕಲ್ಲವ್ವನವರು, “ಪಾಪ, ಆ ಮನಷ್ಯಾಗ ಊರಾಗ ನಮ್ಮವರು ಅನ್ನಾವ್ರು ಒಬ್ಬರೂ ಇರಲಿಲ್ಲೇನ್ರಿ” ಎಂದು ಕಣ್ಣೊರೆಸಿಕೊಂಡರು.

ಆದ್ದರಿಂದ ದೂರು ಹೀಗಿದೆ. ಒಂದು, ಓಟು ಊರಿನವರದ್ದೆಂದು ಇಷ್ಟು ವರ್ಷ ನಮ್ಮನ್ನು ನಂಬಿಸಿ, ಆ ನಂಬಿಕೆಯ ಮೇಲೆ ನಮ್ಮನ್ನು ಗೆಲ್ಲಿಸಿ, ತಾವು ಮಾತ್ರ ಕೋಣೆಯೊಳಗಿನ ಯಜಮಾನರನ್ನು ನಂಬಿ ಕೂತದ್ದು ತಮ್ಮ ಘನತೆಗೆ ತಕ್ಕದ್ದಲ್ಲ. ಎರಡನೆಯದಾಗಿ, ತಮಗಿಂತ ಒಂದು ಮೆಟ್ಟಿಲು ಮೇಲಿದ್ದ ಸಂಘದವರಿಗೆ ನಮ್ಮ ನಾಗಪ್ಪನವರ ಬುದ್ಧಿ ಹೇಳುವವರು ಅಷ್ಟು ದೊಡ್ಡ ದೇಶದಲ್ಲಿ ಒಬ್ಬರೂ ಇರಲಿಲ್ಲವೇ. ಒಂದು ತಂತಿ ಕೊಟ್ಟಿದ್ದರೆ ನಾಗಪ್ಪನವರನ್ನೇ ಹಡಗು ಹತ್ತಿಸುತ್ತಿದ್ದೆವು, ಅವರಿಗೆ ಸಮುದ್ರ ಒಗ್ಗುವುದಿಲ್ಲ, ಆದರೂ ಹೋಗುತ್ತಿದ್ದರು. ಇನ್ನು, ಗುಡ್ನಾಪುರದ ಊರಿಗೆ ಊರೇ ಓಟು ಹಾಕಲು ಸಿದ್ಧವಾಗಿ ಬುತ್ತಿ ಕಟ್ಟಿಕೊಂಡು ಹೊರಟು, ಓಟಿಲ್ಲವೆಂದು ಹಾಗೆಯೇ ಹಿಂದಿರುಗಿತು. ಆ ಓಟುಗಳೆಲ್ಲ ಇನ್ನೂ ಬಳಸದೆ ನಮ್ಮ ಹತ್ತಿರ ಹಾಗೆಯೇ ಉಳಿದಿವೆ. ಅವನ್ನು ತಮ್ಮ ಲಂಡನ್ನಿನ ಸಭೆಯವರು ತಡವಾದರೂ ಎಣಿಕೆಗೆ ಸೇರಿಸಿಕೊಳ್ಳಬೇಕೆಂದೂ, ಸೇರಿಸಿಕೊಂಡು ಮೇ ತಿಂಗಳನ್ನು ಇನ್ನೊಮ್ಮೆ ನಡೆಸಬೇಕೆಂದೂ, ಸಾಧ್ಯವಾದರೆ ಆ ತೊಗಲಿನ ಕಾರ್ಖಾನೆಯನ್ನು ಮತ್ತೆ ತೆರೆಸಬೇಕೆಂದೂ ಕೋರುತ್ತೇವೆ.

ಇದಾವುದೂ ಆಗುವಂತಿಲ್ಲವೆಂದರೆ ಇನ್ನೊಂದು ಉಪಾಯವಿದೆ. ಮೊನ್ನೆ ಭಾನುವಾರ ಕೆರೆಯ ಏರಿಯ ಮೇಲೆ ಸಭೆ ಸೇರಿದ್ದೆವು, ಮೈದಾನ ಸದ್ಯ ನೀರಿನ ಅಡಿಯಲ್ಲಿದೆ. ಬ್ರಾಕ್ಸ್‌ಬಿ ರೋವರ್ಸನ್ನು ಮೂರು ತಾಲೂಕು ಶೀಲ್ಡಿಗೆ ಸೇರಿಸಿಕೊಳ್ಳತಕ್ಕದ್ದು ಎಂದು ಗೊತ್ತುವಳಿ ಮಂಡಿಸಿದವರು ಶಿವಲಿಂಗಪ್ಪ ಗೌಡರು, ಅನುಮೋದಿಸಿದವನು ಕೆರಿಯ. ಗಂಡಸರು, ಹೆಂಗಸರು, ಕಂಕುಳ ಕೂಸುಗಳು ಎಲ್ಲರೂ ಕೈ ಎತ್ತಿದರು. ದ್ಯಾವಮ್ಮ ತನ್ನದನ್ನು ಬಹಳ ಹೊತ್ತು ಇಳಿಸಲೇ ಇಲ್ಲ. ತಾವು ಆರಿಸಿ ಬಂದಿದ್ದೀರಿ, ಮಾನ್ಯರೇ. ಈ ಸಲ ನಿಜವಾಗಿಯೂ ಊರಿನವರೇ ಓಟು ಹಾಕಿದ್ದಾರೆ. ಹೆಗಡೆಯವರಿಗೆ ಇನ್ನೂ ತಿಳಿಸಿಲ್ಲ, ಅಚ್ಚಾದದ್ದನ್ನು ತೋರಿಸಿದರೆ ಅವರು ಒಪ್ಪುತ್ತಾರೆ. ಪುಷ್ಯ ಮಾಸದ ಹೊತ್ತಿಗೆ ನೀರು ಇಳಿಯುತ್ತದೆ, ಆಗ ಬಂದರೆ ಸರಿ. ಉಳಿಯಲು ನಮ್ಮ ನಮ್ಮ ಮನೆಗಳಿವೆ. ಅಂಗಿ ತರುವುದು ಬೇಡ, ತಮ್ಮವೇ ಇವೆ.

ಈ ಪತ್ರದುದ್ದಕ್ಕೂ ನಾನು ತಮ್ಮನ್ನು ತಾವು, ತಮ್ಮ, ಮಾನ್ಯರೇ ಎಂದು ಕರೆಯುತ್ತಾ ಬಂದಿದ್ದೇನೆ, ಪತ್ರದ ಮರ್ಯಾದೆ ಅದು. ಕೊನೆಯಲ್ಲಿ ತನ್ನದೂ ಒಂದು ಮಾತು ಸೇರಿಸಬೇಕೆಂದು ಕೆರಿಯ ಹೇಳಿದ. ತಮ್ಮ ಊರಿನ ಮಾಸ್ತರರು ಅದನ್ನು ಅನುವಾದಿಸುವಾಗ ಅಮರ್ಯಾದೆಯೆಂದು ತಿಳಿದು ತಿದ್ದಬಾರದು, ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆಯ ಮಾತು ನನಗೆ ಗೊತ್ತಿಲ್ಲ. ಅವನು ಬರೆಯಲು ಹೇಳಿದ್ದು ಇಷ್ಟೇ: ಬಾರೋ.

ಎಷ್ಟು ಸೋತರೂ ತಮ್ಮ ವಿಶ್ವಾಸಿಯಾಗಿಯೇ ಇರುವ,
ಮಡಿವಾಳಪ್ಪ
ಕಾರ್ಯದರ್ಶಿ, ಗುಡ್ನಾಪುರ ರೋವರ್ಸ್

ತಾ.ಕ.: ಬಂದ ಮೇಲೆ ಮನಸ್ತಾಪ ಬೇಡವೆಂದು ಈಗಲೇ ತಿಳಿಸುತ್ತಿದ್ದೇನೆ. ಈ ಪಂದ್ಯಾವಳಿಯಲ್ಲಿ ಕೊನೆಯ ಸ್ಥಾನ ನಮ್ಮದು, ಬಹಳ ವರ್ಷ ಕಷ್ಟಪಟ್ಟು ಉಳಿಸಿಕೊಂಡದ್ದು. ತಮ್ಮ ಅನುಭವದ ಬಗ್ಗೆ ನಮಗೆ ಅಪಾರ ಗೌರವವಿದೆ, ಆದರೂ ಅದೊಂದರ ಮೇಲೆ ಕಣ್ಣು ಹಾಕಬಾರದು.